ಬೈರನ ಪಾಲಿನ ಕಜ್ಜಾಯ

ಕೆಂಗೇರಿ, ೨೩ ಸೆಪ್ಟೆಂಬರ್ ೧೯೫೬, ಭಾನುವಾರ

ಗರಡಿಯಲ್ಲಿ ಇವತ್ತು ಗೆಳೆಯ ಬೈರ ನನ್ನನ್ನು ಎತ್ತಿ ಒಗೆದ. "ನೋಡ್ಕೊಳ್ಳೋ, ಪಥ್ಯ ಹಿಡಿದವನ ಮೈ ಅಂದ್ರೆ ಇದು!" ಎಂದರು ಉಸ್ತಾದರು. ನಾನೇನು ಪಥ್ಯ ಹಿಡಿದಿರಲಿಲ್ಲವೇ? ಯುಗಾದಿಯಂದು ಇಬ್ಬರೂ ಗರಡಿಯ ಕೆಮ್ಮಣ್ಣು ಮುಟ್ಟಿ ಆಣೆ ಮಾಡಿದ್ದೆವು. ದಸರಾ ಕುಸ್ತಿ ಮುಗಿಯುವ ತನಕ ನೆನೆಸಿದ ಕಡಲೆ, ಹಾಲು, ರಾಗಿ ಅಂಬಲಿ ಅಷ್ಟೇ. ನಾಲಿಗೆಯ ಮಾತು ಕೇಳಕೂಡದು. ಗೌರಿ ಹಬ್ಬದ ಕಜ್ಜಾಯವನ್ನೂ ನಾನು ಮುಟ್ಟಲಿಲ್ಲ.

ನನ್ನ ಸಪ್ಪೆ ಮುಖ ನೋಡಿ ಅವ್ವ ಅಂದಳು: "ಅವನು ಗೆಲ್ದೆ ಇರ್ತಾನಾ? ನೀನು ಬೇಡ ಅಂದಿದ್ದನ್ನೆಲ್ಲ ಹಿತ್ತಲಲ್ಲಿ ಕೂತು ಬೈರನೇ ತಿಂತಿದ್ದ ಕಣೋ. ನಿನಗೆ ಹೇಳ್ಬೇಡಿ ಅಂದಿದ್ದ."

ಆಣೆ ಹಾಳಾಗಿ ಹೋಗಲಿ ಎಂದು ಕಜ್ಜಾಯದ ಡಬ್ಬಿಗೆ ಕೈ ಹಾಕಿದೆ. ತಳದಲ್ಲಿ ಎರಡೇ ಉಳಿದಿದ್ದವು.

"ಮುಟ್ಬೇಡ್ವೋ," ಎಂದಳು ಅವ್ವ, "ಬೈರನ್ಗೆ ಎತ್ತಿಟ್ಟಿದೀನಿ."