ಹೆಪ್ಪಿಗೆ ಎರಡು ಕಲ್ಲು

೫ ನವೆಂಬರ್ ೨೦೦೬, ಭಾನುವಾರ, ಬೆಳಿಗ್ಗೆ

ಮೀನಿನ ಟ್ಯಾಂಕಿನ ಗಾಜು ಒರೆಸಿದೆ. ನೀರಿನ ಉಪ್ಪು ಸರಿ ಇದೆ. ರಾಣಿಗೆ ಎರಡು ಚೂರು ಸೀಗಡಿ, ಅವಳ ಗಂಡನಿಗೆ ಒಂದು. ಅವನ ಪಾಲನ್ನೂ ಅವಳೇ ಕಿತ್ತುಕೊಂಡಳು. ಕಿತ್ತಳೆ ಮೈ, ಬಿಳಿ ಪಟ್ಟೆ, ಏಳು ವರ್ಷದ ಸೊಕ್ಕು. ಈ ಸಮುದ್ರ ಮೀನಿನ ಜಾತಿಯಲ್ಲಿ ಹೆಣ್ಣಿನದೇ ಯಜಮಾನಿಕೆ.

ಹೊಸ ಟ್ಯಾಂಕ್ ನಿನ್ನೆ ಬಂತು. ಐದು ಅಡಿ. ಹಳೆಯದು ಮೂರೇ. ನಾಲ್ಕು ಜನ ಹೊತ್ತು ತಂದು ಹಾಲಿನಲ್ಲಿಟ್ಟರು. ಅತ್ತೆ ಬಾಗಿಲಲ್ಲಿ ನಿಂತು, "ಇದರಾಗ ಮೀನ ಇರ್ತಾವೋ, ನಾವ ಇರೂದೋ?" ಅಂದರು. ತಾರ್ನಾಕದ ಈ ಎರಡು ರೂಮಿನ ಮನೆಗೆ ನ್ಯಾಯವಾದ ಪ್ರಶ್ನೆ.

ಅತ್ತೆಗೆ ಮೀನು ಅಂದರೆ ಆಗದು. ಲಿಂಗ ಕಟ್ಟಿದವರು. ಸೀಗಡಿ ಡಬ್ಬಿ ಫ್ರೀಜರ್‌ನಲ್ಲಿ ಮೂರು ಕವರ್ ಸುತ್ತಿಕೊಂಡೇ ಇರಬೇಕು. ಆ ಬಾಗಿಲನ್ನು ಅವರು ಮುಟ್ಟುವುದಿಲ್ಲ. ನಾನು ಮದುವೆಯಾಗಿ ಬಂದಾಗ "ಸೊಸಿ ಮೀನ ತಂದಾಳ" ಅಂತ ಲಿಂಗಸೂಗೂರಿನ ತನಕ ಸುದ್ದಿ. ಹೌದು, ತಂದಿದ್ದೆ. ಮೊದಲ ಸಂಬಳದಲ್ಲಿ ಕೊಂಡದ್ದು. ಈ ಮನೆಯಲ್ಲಿ ನನ್ನವು ಅಂತ ಇರುವುದು ಇವೆರಡೇ. ಇವಕ್ಕೆ ಏನಾದರೂ ಆದರೆ ನನಗೆ ತಡೆದುಕೊಳ್ಳಲು ಆಗುವುದಿಲ್ಲ.

೧೦ ನವೆಂಬರ್, ಶುಕ್ರವಾರ

ಎಕ್ಸೆಲ್‌ನಲ್ಲಿ ಪ್ಲಾನ್ ರೆಡಿ. ಉಪ್ಪಲ್ ಆಫೀಸಿನಲ್ಲಿ ಬ್ಯಾಂಕುಗಳ ಡೇಟಾವನ್ನೇ ಹಳೇ ಕಂಪ್ಯೂಟರಿನಿಂದ ಹೊಸದಕ್ಕೆ ಮೈಗ್ರೇಟ್ ಮಾಡುವವಳಿಗೆ ಇದೇನು ಮಹಾ! ಕಲ್ಲು, ಮರಳು, ಹಳೇ ನೀರು, ಮೀನು — ಎಲ್ಲಾ ಒಂದೇ ದಿನ ಹೊಸ ಟ್ಯಾಂಕಿಗೆ. ಖಾಲಿ ಟ್ಯಾಂಕ್ ನಮ್ಮ ಟೀಮಿನ ಶಿವಾನಂದನಿಗೆ.

ಮೀನಿನ ಅಂಗಡಿಯವನು "ಮೇಡಂ, ಪಾತ ಇಸುಕ ವದ್ದು" ಅಂದ. ಹಳೇ ಮರಳು ಬೇಡವಂತೆ. ಅವನಿಗೆ ಹೊಸದು ಮಾರಬೇಕಲ್ಲ!

ಈ ಕಲ್ಲು ಯಾಕೆ ಇಷ್ಟು ಜೋಪಾನ ಅಂತ ಅತ್ತೆ ಕೇಳಿದರು. ಹೇಳಿದೆ — ಕಣ್ಣಿಗೆ ಕಾಣದ ಜೀವ ಇರುತ್ತವೆ ರೀ, ಮೀನಿನ ಹೊಲಸು ತಿಂದು ನೀರು ಶುದ್ಧ ಇಡ್ತಾವೆ, ಹೊಸ ಟ್ಯಾಂಕಿಗೆ ಹಾಕಿದರೆ ಅಲ್ಲೂ ಬೆಳೀತಾವೆ.

"ಅಂದರ ಹೆಪ್ಪು."

ಹೌದಲ್ಲ! ಹೆಪ್ಪೇ. ಇದನ್ನು ತಿಳಿಯಲು ನಾನು ಇಂಟರ್‌ನೆಟ್‌ನಲ್ಲಿ ಎಷ್ಟು ಓದಿದ್ದೆ...

"ಹಂಗಾರ ಎಲ್ಲಾ ಸುರೀಬ್ಯಾಡವ್ವಾ. ಹಾಲು ಕೆಟ್ಟರ ಹೆಪ್ಪಿಗೆ ಏನ ಮಾಡ್ತಿ?"

ನಕ್ಕುಬಿಟ್ಟೆ.

೧೨ ನವೆಂಬರ್, ಭಾನುವಾರ, ಸಂಜೆ

ಸೊಂಟ ಹೋಯಿತು. ಇವರು ನಾಚಾರಂ ಫ್ಯಾಕ್ಟರಿಯ ಭಾನುವಾರದ ಶಿಫ್ಟಿಗೆ ರಜೆ ಹಾಕಿ ಬಕೆಟ್ ಹೊತ್ತರು. ಮರಳು ತೋಡಿದಾಗ ಅಡಿಯಲ್ಲಿ ಕಪ್ಪು. ಕೊಳೆತ ಮೊಟ್ಟೆಯ ವಾಸನೆ. ಇರಲಿ ಅಂತ ಹಾಕಿದೆ.

ಕೊನೆಗೆ ಹಳೇ ಟ್ಯಾಂಕಿನಲ್ಲಿ ಎರಡು ಕಲ್ಲು, ಅರ್ಧ ಟ್ಯಾಂಕ್ ನೀರು ಉಳಿದಿತ್ತು. ಅತ್ತೆ ಸ್ಟೂಲ್ ಎಳೆದು ಅದರ ಮುಂದೆ ಕೂತರು. "ಇವೆರಡು ಮುಟ್ಟಬ್ಯಾಡ. ಹೆಪ್ಪಿಗೆ ಇರಲಿ." ಏಳಲೇ ಇಲ್ಲ. ಅಷ್ಟರಲ್ಲಿ ಶಿವಾನಂದ ಆಟೋ ಮಾಡಿಕೊಂಡು ಬಂದ. ನನಗಿಂತ ಮೊದಲು ಅವರೇ, "ಮುಂದಿನ ತಿಂಗಳ ಬಾ ತಮ್ಮಾ. ಚಾ ಕುಡದ ಹೋಗು" ಅಂದುಬಿಟ್ಟರು. ಮರ್ಯಾದೆ ಹೋಯಿತು. ಅತ್ತೆ ಜೊತೆ ಮಾತು ಬಿಟ್ಟಿದ್ದೇನೆ.

ಹೊಸ ಟ್ಯಾಂಕ್ ಮಾತ್ರ ಚೆಂದ. ರಾಣಿ ಆ ತುದಿಯಿಂದ ಈ ತುದಿಗೆ ಗಸ್ತು ಹೊಡೆಯುತ್ತಿದ್ದಾಳೆ.

೧೪ ನವೆಂಬರ್, ಮಂಗಳವಾರ, ೬.೩೦

ಹೊಸ ಟ್ಯಾಂಕಿಗೆಂದು ಮೊನ್ನೆ ತಂದ ನೀಲಿ ಮೀನು ಸತ್ತಿದೆ. ರಾಣಿ ನೀರಿನ ಮೇಲ್ಗಡೆ ಬಾಯಿ ತೆರೆದು ಏದುಸಿರು ಬಿಡುತ್ತಿದ್ದಾಳೆ. ಅವಳ ಗಂಡ ಮೂಲೆಯಲ್ಲಿ ವಾಲಿದ್ದಾನೆ. ನೀರಿನ ವಿಷ ಅಳೆಯುವ ಅಮೋನಿಯಾ ಟೆಸ್ಟ್ ಮಾಡಿದೆ — ಹಳದಿ ಇರಬೇಕಾದದ್ದು ಕಡು ಹಸಿರು. ಆ ಕಪ್ಪು ಮರಳೇ. ಅಂಗಡಿಯವನು ಬಡಕೊಂಡಿದ್ದ. ಉಪ್ಪುನೀರು ಹೊಸದಾಗಿ ಕಲಸಿದರೆ ಹದಕ್ಕೆ ಬರಲು ಒಂದು ದಿನ ಬೇಕು. ಅಷ್ಟು ಹೊತ್ತು ಇವು ಉಳಿಯುವುದಿಲ್ಲ.

ರೋಲ್‌ಬ್ಯಾಕ್, ಅಂದರೆ ವಾಪಸ್ ಬರುವ ದಾರಿ, ಇಲ್ಲದ ಮೈಗ್ರೇಶನ್. ಆಫೀಸಿನಲ್ಲಿ ಬೇರೆಯವರು ಹೀಗೆ ಮಾಡಿದರೆ ಮೀಟಿಂಗಿನಲ್ಲಿ ಮಾನ ಕಳೆಯುವವಳು ನಾನು. ನೆಲದ ಮೇಲೆ ಕೂತು ಅತ್ತುಬಿಟ್ಟೆ.

ಅತ್ತೆ ಪೂಜೆಯಿಂದ ಎದ್ದು ಬಂದರು. "ಅಳಕೋತ ಕುಂತರ? ಅಕಿನ್ನ ಹಳೀ ಮನಿಗೆ ಹಾಕು."

೭.೪೫

ಹಾಕಿದೆ. ಹಳೇ ಟ್ಯಾಂಕಿನ ನೀರು ಟೆಸ್ಟಿನಲ್ಲಿ ಅಪ್ಪಟ ಹಳದಿ. ನೀರಾಡಿಸುವ ಚಿಕ್ಕ ಮೋಟಾರ್ ಓಡುತ್ತಲೇ ಇತ್ತು. ಗಾಜಿನ ಹೊರಗೆ ಕುಂಕುಮದ ಗೆರೆ. ಏನಿದು ಅಂದೆ. ನೀರಿನ ಮಟ್ಟವಂತೆ. ಇಳಿದಷ್ಟು ಅತ್ತೆ ಕ್ಯಾನಿನ ಸಿಹಿನೀರು ಹಾಕಿದ್ದಾರೆ. "ನೀರ ಆರ್ತೈತಿ, ಉಪ್ಪು ಉಳೀತೈತಿ. ಏಳ ವರ್ಷದಿಂದ ನೋಡಾಕತ್ತೀನಿ, ಅಷ್ಟೂ ತಿಳಿಯಂಗಿಲ್ಲೇನು?"

ನೋಡುತ್ತಿದ್ದರಾ? ಮುಖ ತಿರುಗಿಸಿಕೊಂಡು ಹೋಗುತ್ತಿದ್ದರಲ್ಲ...

೧೬ ನವೆಂಬರ್, ಗುರುವಾರ, ರಾತ್ರಿ ೮

ಆಫೀಸಿನಲ್ಲಿ ಹೊಸ ಸಾಫ್ಟ್‌ವೇರ್ ರಿಲೀಸ್. ರಜೆ ಇಲ್ಲ. ಇವರದು ಡಬಲ್ ಶಿಫ್ಟ್. ಮೀನು ಸೋಮವಾರದಿಂದ ಏನೂ ತಿಂದಿಲ್ಲ. ಮಧ್ಯಾಹ್ನ ಫೋನ್ ಮಾಡಿದೆ.

"ಉಸರಾಡಾಕತ್ತಾವ," ಅಂದರು ಅತ್ತೆ. "ಆದರ ಹೊಟ್ಟಿಗೆ?"

"ನಾನು ಬಂದು ಹಾಕ್ತೀನಿ ರೀ."

ಫೋನ್ ಇಟ್ಟುಬಿಟ್ಟರು.

ಏಳಕ್ಕೆ ಬಂದೆ. ಅತ್ತೆ ಕೂದಲು ಬಿಚ್ಚಿಕೊಂಡು ಫ್ಯಾನ್ ಕೆಳಗೆ ಕೂತಿದ್ದರು. ತಲೆ ಒದ್ದೆ. ಬೆಳಿಗ್ಗೆಯೇ ಸ್ನಾನ ಆಗಿತ್ತಲ್ಲ! ಫ್ರಿಜ್ ಮೇಲೆ ಮೂರು ಪ್ಲಾಸ್ಟಿಕ್ ಕವರ್, ನೀಟಾಗಿ ಮಡಚಿದ್ದು. ಟ್ಯಾಂಕಿನ ಪಕ್ಕದ ಮೊಳೆಗೆ ನಮ್ಮ ಅಡುಗೆಮನೆಯ ಇಕ್ಕಳ ನೇತಾಡುತ್ತಿತ್ತು.

ಇಕ್ಕಳ ಮುಟ್ಟಿ ನೋಡಿದೆ.

"ನಾಳಿ ಅಡಗೀಗೆ ಬ್ಯಾರೆ ಇಕ್ಕಳ ತಗೊಂಬಾ," ಅಂದರು, ನನ್ನ ಕಡೆ ನೋಡದೆ. "ಅಕಿ ಎರಡ ತಿಂದ್ಲು. ಅವನ ಪಾಲೂ ಕಸಗೊಂಡ್ಲು. ಬೈದೀನಿ."

ಬಾತ್‌ರೂಮಿಗೆ ಹೋಗಿ ನಲ್ಲಿ ಬಿಟ್ಟುಕೊಂಡು ಅತ್ತುಬಿಟ್ಟೆ. ಮಂಗಳವಾರದ ಅಳುವಲ್ಲ ಇದು.

೧೭ ಡಿಸೆಂಬರ್, ಭಾನುವಾರ, ಬೆಳಿಗ್ಗೆ

ತಿಂಗಳಾಯಿತು. ಹಳೇ ಮರಳು ಪೂರ್ತಿ ತೆಗೆದು ಹೊಸದು ಹಾಕಿ, ಕಾದು... ಇಂದಿಗೆ ಸತತ ಹತ್ತು ದಿನ ಹಳದಿ. ಇವತ್ತು ರಾಣಿಯ ಗೃಹಪ್ರವೇಶ. ಶಿವಾನಂದನಿಗೆ ಟ್ಯಾಂಕ್ ಇಲ್ಲ ಅಂತ ಹೇಳಿದ್ದೇನೆ. ಎರಡು ಕಲ್ಲು ಹಳೇ ಟ್ಯಾಂಕಿನಲ್ಲೇ ಬಿಟ್ಟೆ, ಈ ಸಲ ಯಾರೂ ಹೇಳದೆ.

ಅತ್ತೆ ಕೂಗುತ್ತಿದ್ದಾರೆ. ಕುಂಕುಮದ ಭರಣಿ ಹಿಡಿದು ನಿಂತಿದ್ದಾರಂತೆ. ಇಷ್ಟುದ್ದ ಗಾಜಿಗೆ ಗೆರೆ ಎಲ್ಲಿಂದ ಎಳೆಯಲಿ, ಬಂದು ತೋರಿಸು ಅಂತ. ಹೋಗಿ ತೋರಿಸಿ ಬರುತ್ತೇನೆ.