ತೊಂದರ, ತೊಂದರೆ

ಕೊಂಡಾಪುರ, ಹೈದರಾಬಾದ್
೧೩ ಆಗಸ್ಟ್ ೨೦೦೬

ಪ್ರೀತಿಯ ಗಂಗಕ್ಕನಿಗೆ ಕುಮುದಾಳ ನಮಸ್ಕಾರ.

ಉತ್ತರ ತಡವಾಯಿತು, ಬೈಯಬೇಡ. ಫೋನ್ ಮಾಡಬಹುದಿತ್ತು. ಆದರೆ ನಾನು ಒಂದು ಪದಕ್ಕಾಗಿ ತಡವರಿಸಿದರೆ ನೀನು ತಕ್ಷಣ ಒಂದನ್ನು ನನ್ನ ಬಾಯಿಗೆ ತುರುಕುತ್ತೀಯ, ಅದೂ ತಪ್ಪು ಪದ. ಕಾಗದವಾದರೆ ಸುಮ್ಮನೆ ಕಾಯುತ್ತದೆ.

ಮನೆಯಲ್ಲೂ ಅದೇ ಕಥೆ. ನಿನ್ನೆ ಒಲೆಯ ಮುಂದೆ ನಿಂತು "ಅದನ್ನ ಕೊಡ್ರಿ, ಅದು..." ಎಂದೆ. "ಏನು, ಸೌಟೇನ? ಜರಡಿ? ಲಟ್ಟಣಿಗಿ?" ಎಂದು ಇವರು ಹರಾಜು ಕೂಗಿದರು. ನನಗೆ ಬೇಕಿದ್ದುದು ಇಕ್ಕಳ. ಅಷ್ಟರಲ್ಲಿ ಹಾಲು ಉಕ್ಕಿತ್ತು.

ಆಫೀಸಿನದು ಕೇಳು. ತೆಲುಗಿನವರ 'ತೊಂದರ' ಎಂದರೆ ಅವಸರ. ಈ ಊರಿಗೆ ಬಂದ ಹೊಸದರಲ್ಲೇ ಕಲಿತಿದ್ದೆ, ಬೆಂಗಳೂರಿನಿಂದ ಬರುವ ಹುಡುಗರಿಗೆ ನಾನೇ ಕಲಿಸುತ್ತಿದ್ದೆ. ಮೊನ್ನೆ ಮ್ಯಾನೇಜರ್ ಒಂದು ಸಾಫ್ಟ್‌ವೇರ್ ಕೈಪಿಡಿ ಕೊಟ್ಟು "ಕೊಂಚೆಂ ತೊಂದರಗಾ ಚೂಡಂಡಿ" ಎಂದರು. ಸ್ವಲ್ಪ ಬೇಗ ನೋಡಿ ಎಂದಷ್ಟೆ. ನನ್ನ ತಲೆ ಅದನ್ನು ಕನ್ನಡವೆಂದೇ ತಿಳಿಯಿತು: ಏನೋ ತೊಂದರೆಯಿದೆ, ನೋಡಿ. ಸಂಜೆಯವರೆಗೆ ಅದರಲ್ಲಿ ಇಲ್ಲದ ತಪ್ಪು ಹುಡುಕುತ್ತ ಕೂತೆ. ಕಳಿಸುವ ಹೊತ್ತು ಮೀರಿತು. ಈಗ ಅವರು ನನಗೆ ಕೆಲಸವನ್ನೇ ಕೊಡುವುದಿಲ್ಲ. "ತೊಂದರ ಲೇದು ಮೇಡಂ, ರೆಸ್ಟ್ ತೀಸ್ಕೋಂಡಿ" ಎನ್ನುತ್ತಾರೆ. ಅವಸರವಿಲ್ಲ, ವಿಶ್ರಾಂತಿ ತಗೊಳ್ಳಿ. ಬೈದಿದ್ದರೆ ಎಷ್ಟೋ ವಾಸಿಯಿತ್ತು.

ಡಾಕ್ಟರಿಗೆ ಹೇಳಿದೆ. ಬೈಪೋಲಾರ್ ಕಾಯಿಲೆಯೇ ಮರೆವು ತರಬಹುದು, ಲಿಥಿಯಂ ಗುಳಿಗೆಯೂ ಬುದ್ಧಿಯನ್ನು ತುಸು ಮಂದ ಮಾಡಬಹುದು, ವಯಸ್ಸೂ ಇದೆ ಎಂದರು. ಮೂವರಲ್ಲಿ ಕಳ್ಳ ಯಾರು ಎಂದು ಕೇಳಿದ್ದಕ್ಕೆ ನಕ್ಕರು. ಕೊನೆಗೆ, ರಕ್ತಪರೀಕ್ಷೆ ನೋಡಿಕೊಂಡು ಪ್ರಮಾಣ ಸ್ವಲ್ಪ ಇಳಿಸಿ ನೋಡೋಣ, ಶನಿವಾರ ಮನೆಯವರನ್ನೂ ಕರೆತನ್ನಿ ಎಂದರು.

ಇವರು ಒಪ್ಪುತ್ತಿಲ್ಲ. "ಮನಿ ಈಗ ಶಾಂತ ಐತಿ. ಯಾಕ ಕೆದಕತಿ?" ಈ ಮರೆವಿಗೆ ಗುಳಿಗೆಯೇ ಕಾರಣವೇನೋ ಎಂದು ಹೋದ ಕಾಗದದಲ್ಲಿ ನಾನು ಬರೆದಿದ್ದಕ್ಕೆ ನೀನೂ "ಇದ್ದಂಗ ಇರ್ಲಿ ಬಿಡು" ಎಂದು ಬರೆದಿದ್ದೀಯ. ಗುಳಿಗೆ ಬಿಡುತ್ತೇನೆ ಎಂದು ನಾನೆಲ್ಲಿ ಹೇಳಿದೆ? ಅದಿಲ್ಲದಾಗ ನಾನು ಹೇಗಿದ್ದೆ ಎಂಬುದನ್ನು ಯಾರೂ ನನಗೆ ನೆನಪಿಸಬೇಕಿಲ್ಲ. ನೀವು ಹೇಳುವುದೇ ಸರಿಯೇನೋ ಎಂದೂ ಅನಿಸುತ್ತದೆ. ಆದರೆ ಹಾಗೆ ಅನುಮಾನಪಡಲಿಕ್ಕಾದರೂ ನನ್ನ ತಲೆ ನನಗೆ ಬೇಕಲ್ಲ.

ಇನ್ನೊಂದು. ಚಿಕ್ಕಂದಿನಿಂದ ಮಾತಿಗೊಮ್ಮೆ "ಏ ಹುಚ್ಚಿ" ಅನ್ನುತ್ತಿದ್ದವಳು, ಕಾಯಿಲೆಗೆ ಹೆಸರು ಸಿಕ್ಕ ಮೇಲೆ ಬಿಟ್ಟುಬಿಟ್ಟೆ. ಅದೊಂದು ಉಪಚಾರ ನನಗೆ ಬೇಡ.

ಶನಿವಾರದೊಳಗೆ ಇವರಿಗೆ ಫೋನ್ ಮಾಡಿ, ನನ್ನ ಜೊತೆ ಡಾಕ್ಟರ ಹತ್ತಿರ ಬರಲು ಹೇಳು. ನಿನ್ನ ಮಾತು ಕೇಳುತ್ತಾರೆ. ನಿನ್ನ ಮಗರಾಯ ಭರತ ಪರೀಕ್ಷೆಯಲ್ಲಿ ಗೆದ್ದು ಬರಲಿ, ಈ ಮೌಶಿಯ ಆಶೀರ್ವಾದ ಅವನ ಮೇಲಿದೆ.

ನಿನ್ನ ತಂಗಿ,
ಕುಮುದಾ

ವಿ.ಸೂ.: ಶನಿವಾರದ ವಿಷಯ ಮಗಳ ಕಿವಿಗೂ ಬಿದ್ದಿದೆ. ಇವತ್ತು ತಲೆ ಬಾಚಿಸಿಕೊಳ್ಳುತ್ತ ನಿಖಿತಾ, "ಅಮ್ಮ, ಗುಳಿಗಿ ಕಮ್ಮಿ ಮಾಡಿಸ್ಬ್ಯಾಡ. ಮೊದಲ ನಾ ಏನರ ಹೇಳಾಕತ್ರ ನೀ ಎದ್ದು ಹೋಗ್ತಿದ್ದಿ. ಈಗ ಕುಂತು ಪೂರ್ತಿ ಕೇಳ್ತಿ" ಎಂದಳು. ಅವಳು ಹೇಳಿದ್ದು ತಲೆಗಿಳಿಯಲು ನನಗೆ ಅಷ್ಟು ಹೊತ್ತು ಹಿಡಿಯುತ್ತದೆ ಎಂದು ನಾನು ಹೇಳಲಿಲ್ಲ.