ಶಕ್ತಿ ಸೂಜಿ

4 ಏಪ್ರಿಲ್, ಮಧ್ಯಾಹ್ನ
ಓಪಿಡಿ ಈಗ ಮುಗಿಯಿತು. ಹಳೇ ಹುಬ್ಬಳ್ಳಿಯ ನಮ್ಮ ಹೆರಿಗೆ ಆಸ್ಪತ್ರೆಗೂ ಹೊಸ ಸಾಫ್ಟ್‌ವೇರ್ ಬಂತು. ಕೇಸ್ ಪೇಪರೆಲ್ಲ ಕಂಪ್ಯೂಟರಿಗೆ ಏರಿದವು. ಬಸುರಿಯ ಮುಖ ನೋಡಬೇಕೋ, ಸ್ಕ್ರೀನ್ ನೋಡಬೇಕೋ... ಡಾಕ್ಟರಾಗಿ ಟೈಪಿಂಗ್ ಕಲಿಯುವ ಹಣೆಬರಹ.

19 ಏಪ್ರಿಲ್
ಬೈದದ್ದು ವಾಪಸು. ಕೆಲಗೇರಿಯಿಂದ ಒಬ್ಬಳನ್ನು ತಂದರು — ರಕ್ತಸ್ರಾವ, ಎಚ್ಚರವಿಲ್ಲ. ಹೆಸರು ಹೊಡೆದರೆ ಹಿಂದಿನ ಆಪರೇಷನ್, ಒಗ್ಗದ ಔಷಧ, ಎಲ್ಲ ಕಣ್ಣ ಮುಂದೆ. ಕಪಾಟಿನಲ್ಲಿ ಹುಡುಕುತ್ತ ಕೂತಿದ್ದರೆ ಹೋಗಿಬಿಡುತ್ತಿದ್ದಳು. ಬದುಕಿದಳು.

11 ಜೂನ್
ನಾಗರತ್ನಾ ಬರಲಿಲ್ಲ. ಬೈರಿದೇವರಕೊಪ್ಪದ ಕಾಳಿನ ವ್ಯಾಪಾರಿ ಮನೆಯ ಸೊಸೆ. ಎರಡು ಹೆಣ್ಣು, ಎರಡೂ ಸಿಜೇರಿಯನ್. ಎರಡನೆಯದರಲ್ಲಿ ಗರ್ಭಕೋಶವೇ ಬಿರಿದಿತ್ತು. ಇನ್ನೊಂದು ಬೇಡ ಎಂದು ಮನೆಯವರಿಗೆ ಆಗಲೇ ಹೇಳಿದ್ದೆ. ಅತ್ತೆಗೆ ಮೊಮ್ಮಗ ಬೇಕು. ಅದಕ್ಕೇ ಮೂರು ತಿಂಗಳಿಗೊಮ್ಮೆ ಗುಟ್ಟಾಗಿ ಗರ್ಭ ತಡೆಯುವ ಇಂಜೆಕ್ಷನ್. ಮನೆಯಲ್ಲಿ ಶಕ್ತಿ ಸೂಜಿ ಅಂದಿದ್ದಾಳೆ. ಎಂದೂ ತಪ್ಪಿಸಿದವಳಲ್ಲ...

12 ಜೂನ್
ಅತ್ತೆ ಶರಣವ್ವ ಒಬ್ಬರೇ ಬಂದರು. ಫೋನ್ ಟೇಬಲ್ ಮೇಲಿಟ್ಟರು. ಹೊಸ ಸಾಫ್ಟ್‌ವೇರ್ ತಾನಾಗಿ ಕಳಿಸಿದ ನಮ್ಮದೇ ಮೆಸೇಜ್, ಅಚ್ಚ ಕನ್ನಡದಲ್ಲಿ — ನಾಗರತ್ನಾ ಅವರೇ, ನಿಮ್ಮ ಗರ್ಭನಿರೋಧಕ ಇಂಜೆಕ್ಷನ್ ದಿನ ಹತ್ತಿರ ಬಂದಿದೆ.

ಸೊಸೆಗೆ ಫೋನಿಲ್ಲ. ಕೇಸ್ ಪೇಪರಿನಲ್ಲಿ ಅತ್ತೆಯ ನಂಬರ್ ಇತ್ತು, ಅದನ್ನೇ ಏರಿಸಿದ್ದೇವೆ. ಇಲ್ಲಿ ಅರ್ಧ ಹೆಂಗಸರು ಕೊಡುವುದು ಮನೆಯ ಹಿರಿಯರ ನಂಬರನ್ನೇ. ಗೊತ್ತಿದ್ದೂ ನನಗೆ ಹೊಳೆಯಲಿಲ್ಲ.

"ಶಕ್ತಿ ಸೂಜಿ ಅಂದಿದ್ಲರಿ ನಮಗ. ನೀವೂ ಆಕಿ ಜೋಡಿ ಕೂಡಿದ್ರೇನ್ರಿ, ಡಾಕ್ಟರಬಾಯಾರ?"

"ಇನ್ನೊಂದು ಹಡದ್ರ ಆಕಿ ಜೀವಕ್ಕ ಕುತ್ತ ಐತ್ರಿ, ಶರಣವ್ವಾರ."

"ನಾ ಏಳ ಹಡದೇನ್ರಿ." ಎದ್ದು ಹೋದರು.

ಕಪಾಟಿನ ಕಾಗದ ಯಾರ ಮನೆಗೂ ನಡೆದು ಹೋಗುತ್ತಿರಲಿಲ್ಲ. ನನ್ನ ಮೇಲೇ ಸಿಟ್ಟು.

20 ಜೂನ್
ಅವಳ ಗಂಡ ಶಿವಯೋಗೀಶನಿಗೆ ಫೋನ್ ಮಾಡಿದೆ. "ಅವ್ವಗ ಹೆಂಗ ಎದುರಾಡ್ಲಿರಿ?" ಎಂದ. ಸಾಫ್ಟ್‌ವೇರ್ ಕಂಪನಿಯವರಿಗೆ ಹೇಳಿ ಮೆಸೇಜ್ ಬಂದ್ ಮಾಡಿಸಿದೆ. ಊರು ಕೊಳ್ಳೆ ಹೋದ ಮೇಲೆ ಕೋಟೆ ಬಾಗಿಲು ಹಾಕಿದರಂತೆ.

22 ಮಾರ್ಚ್, ಮರುವರ್ಷ
ನಾಗರತ್ನಾಳನ್ನು ಕರೆತಂದರು. ಆರು ತಿಂಗಳು ತುಂಬಿದೆ. ಗರ್ಭ ತೆಗೆಸುವ ಕಾಲ ದಾಟಿತು. ಸ್ಕ್ಯಾನ್ ಮಾಡಿದೆ — ಹಳೆಯ ಹೊಲಿಗೆಯ ಜಾಗ ಬಹಳ ತೆಳುವಾಗಿದೆ. ಯಾವಾಗ ಬಿರಿಯುತ್ತದೋ ಹೇಳಲಾಗದು.

ಸ್ಕ್ರೀನ್ ಕೇಳುತ್ತಿತ್ತು. ಇಂಜೆಕ್ಷನ್ ತಪ್ಪಿದ ಕಾರಣ: ಮರೆತರು, ಊರಲ್ಲಿರಲಿಲ್ಲ, ಇತರೆ. ಒಂದನ್ನು ಒತ್ತದೆ ಮುಂದಿನ ಪುಟ ತೆರೆಯುವುದಿಲ್ಲ. ಒತ್ತಲಿಲ್ಲ.

ಶರಣವ್ವ ಹೊರಗೆ ಕೂತಿದ್ದರು. ನಾಗರತ್ನಾ ಬಾಗಿಲ ಕಡೆ ನೋಡಿ ಮೆಲ್ಲಗೆ ಕೇಳಿದಳು.

"ಬಾಯಾರ, ನಾ ಉಳೀತೇನಿಲ್ರಿ?"

ಕೈ ಹಿಡಿದುಕೊಂಡೆ. ನೋಡವ್ವಾ, ಅಂದೆ. ಆಮೇಲೆ ಎದ್ದು ಬಾಗಿಲು ಹಾಕಿ, ಹೆರಿಗಿ ಆಗೂತನಕ ಇಲ್ಲೇ ಇರು, ಅಂದೆ.